ಮುಕ್ಕಾಲು ತುಂಬಿದ ಡಬ್ಬಿ

ಅಣ್ಣ ತನ್ನ ಜೊತೆಯವರ ಮೊಬೈಲುಗಳನ್ನೆಲ್ಲ ಒಂದು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟುಕೊಂಡು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಟವೆಲ್ಲಿನ ಬಣ್ಣ ನೀಲಿ ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಈಗ ಅವನ ಮನೆಯಲ್ಲಿರುವ ಟವೆಲ್ ನೀಲಿ. ಅದನ್ನೇ ನನ್ನ ನೆನಪು ಎತ್ತಿಕೊಂಡು ಹೋಗಿ ಅಲ್ಲಿ ಹಾಸಿರಬಹುದು. ದಿನವೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೂ ನಾನು ಬರೆದದ್ದನ್ನು ನಾನೇ ಪೂರ್ತಿ ನಂಬುವುದಿಲ್ಲ. ಅಣ್ಣ ಹೇಳಿದ ಮಾತು ಮಾತ್ರ ಖಚಿತ, ಯಾಕೆಂದರೆ ಅದನ್ನು ಕೇಳಿಸಿಕೊಂಡವರು ಇನ್ನೂ ಹಲವರಿದ್ದರು.

"ನಂದು ಇನ್ನ ಇದ ಡ್ಯೂಟಿ," ಅಂದ. "ಫೋನ್ ಕಾಯೋದು."

ಎಲ್ಲರೂ ನಕ್ಕರು. ಅವನೂ ನಕ್ಕ.

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಕಷ್ಟವಾಗಿದ್ದು ಅದೇ. ಯಾರಾದರೂ ಹಂಗಿಸಿದ್ದರೆ ಅವನು ಹಟಕ್ಕಾದರೂ ಎದ್ದು ಆಡಲು ಹೋಗುತ್ತಿದ್ದನೇನೋ. ಯಾರೂ ಹಂಗಿಸಲಿಲ್ಲ, ಫೋನುಗಳನ್ನು ಅವನಿಗೆ ಒಪ್ಪಿಸಿ ಮೈದಾನಕ್ಕೆ ಹೋದರು. ಗುಂಪಿನೊಳಗೆ ಮನುಷ್ಯನ ಜಾಗ ಹೀಗೆಯೇ ಬದಲಾಗುತ್ತದೆ, ಯಾರೂ ಕೂತು ತೀರ್ಮಾನಿಸುವುದಿಲ್ಲ. ಇನ್ನೊಂದೆರಡು ಸಲ ಹೀಗೆಯೇ ಆದರೆ ಆ ಕುರ್ಚಿ ಅವನದೇ ಆಗಿಬಿಡುತ್ತದೆ, ಆಮೇಲೆ ಅವನು ಬರುವುದನ್ನೇ ಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು.

ಇದೆಲ್ಲ ನಡೆದದ್ದು ನಮ್ಮದೇ ಮೈದಾನದಲ್ಲಿ. ನಾವು ಪೇಂಟ್‌ಬಾಲ್ ಆಡಿಸುತ್ತೇವೆ ಎಂದರೆ ಹೊಸಪೇಟೆಯಲ್ಲಿ ಇವತ್ತಿಗೂ ಕೆಲವರು ನಮ್ಮದು ಬಣ್ಣದ ಅಂಗಡಿ ಎಂದುಕೊಳ್ಳುತ್ತಾರೆ. ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೋಗುವ ರಸ್ತೆಯಲ್ಲಿ ನನ್ನ ಗಂಡನ ಮನೆಯವರದೊಂದು ತುಂಡು ನೆಲವಿದೆ. ಸುತ್ತಲೂ ಕಾಲುವೆ ನೀರಿಗೆ ಭತ್ತ, ಬಾಳೆ ನಿಂತಿರುತ್ತವೆ. ಈ ತುಂಡಿನಲ್ಲಿ ಮಾತ್ರ ಒಂದರ ಮೇಲೊಂದು ಕೂತ ಬಂಡೆಗಳು. ನೇಗಿಲು ಇಳಿಯದ ನೆಲ. ಹಂಪಿಗೆ ಬರುವ ಹುಡುಗ ಹುಡುಗಿಯರಿಗೂ ತೋರಣಗಲ್ಲಿನ ಕಡೆಯ ಕಾರ್ಖಾನೆ ಕೆಲಸಗಾರರಿಗೂ ಇಲ್ಲೊಂದು ಆಟ ಇಟ್ಟರೆ ಹೇಗೆ ಎಂದು ನನ್ನ ಗಂಡ ಯೋಚಿಸಿದರು. ಸಂಡೂರಿನಿಂದ ಅದಿರು ಲಾರಿಗಳ ಸವೆದ ಟೈರುಗಳು ಬಂದವು. ಕಂಪ್ಲಿಯಲ್ಲಿರುವ ಮನೆಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತುಂಬಿದ ಚೀಲಗಳು ಬಂದವು. ಬಂಡೆ, ಟೈರು, ಹೊಟ್ಟಿನ ಚೀಲ: ಅಡಗಿಕೊಳ್ಳಲು ಇಷ್ಟು ಸಾಕು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಗಾಳಿಯ ಒತ್ತಡದಲ್ಲಿ ಬಣ್ಣದ ಗುಂಡು ಹಾರಿಸುವ ಗನ್ ಹಿಡಿದು, ಎರಡು ಗುಂಪಾಗಿ ಆಡುತ್ತಾರೆ. ಗುಂಡು ಗೋಲಿಯಷ್ಟು ದೊಡ್ಡದು, ಮೇಲೆ ತೆಳು ಸಿಪ್ಪೆ, ಒಳಗೆ ತೊಳೆದರೆ ಹೋಗುವ ಬಣ್ಣ. ಮೈಮೇಲೆ ಒಡೆದರೆ ನೀವು ಔಟ್.

ಆ ಗುಂಡುಗಳನ್ನು ತುಂಬಿ ಗನ್ನಿನ ನೆತ್ತಿಗೆ ಸಿಕ್ಕಿಸುವ ಡಬ್ಬಿಗೆ ಲೋಡರ್ ಎನ್ನುತ್ತಾರೆ. ಆದರೆ ಸಂಡೂರಿನ ಸುತ್ತ ಲೋಡರ್ ಎಂದರೆ ಲಾರಿಗೆ ಅದಿರು ತುಂಬುವ ದೈತ್ಯ ಯಂತ್ರ. ಹಾಗಾಗಿ ನಮ್ಮಲ್ಲಿ ಅದು ಡಬ್ಬಿ. ಗುಂಡುಗಳಿಗೆ ನನ್ನ ಅತ್ತೆ ಇಟ್ಟ ಹೆಸರು ಕಾಳು. ಮಿಲ್ಲಿನಲ್ಲಿ ಜೀವನ ಕಳೆದವರು, ಉರುಟಾಗಿ ಚೀಲದಲ್ಲಿ ಬರುವುದೆಲ್ಲ ಅವರಿಗೆ ಕಾಳೇ. ಈಗ ಆಡಲು ಬರುವವರೂ "ಕಾಳು ಖಾಲಿ ಆತು" ಎಂದೇ ಕೂಗುತ್ತಾರೆ.

ಅಣ್ಣ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ಕುರೆಕುಪ್ಪದಲ್ಲಿ. ಒಂದು ಮಳೆಗಾಲದಲ್ಲಿ ಬೈಕಿನಿಂದ ಬಿದ್ದು ಎಡಭುಜ ಮುರಿದುಕೊಂಡ. ಮೂಳೆ ಕೂಡಿತು, ಆದರೆ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ; ಅಲ್ಲಿವರೆಗೆ ಎದ್ದರೂ ಅದರಲ್ಲಿ ಜೋರಿಲ್ಲ. ಅವನಿಗೆ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಅದರ ಬಗ್ಗೆ ಅವನ ದೂರಿಲ್ಲ. ಅವನ ಪಾಳಿಯವರು ವರ್ಷಕ್ಕೆ ಒಂದೆರಡು ಸಲ ರಜೆ ನೋಡಿಕೊಂಡು ನಮ್ಮಲ್ಲಿಗೆ ಆಡಲು ಬರುತ್ತಾರೆ, ಅವನದೇ ಪರಿಚಯದಿಂದ. ಭುಜ ಮುರಿದ ಮೇಲೆ ಮೊದಲ ಸಲ ಬಂದಾಗ ಅವನೂ ಮಾಸ್ಕ್ ಹಾಕಿಕೊಂಡು ಇಳಿದಿದ್ದ.

ನಮ್ಮಲ್ಲಿ ಆಗ ಇದ್ದದ್ದೆಲ್ಲ ಸಾದಾ ಡಬ್ಬಿಗಳು. ಕಾಳು ತಮ್ಮ ಭಾರಕ್ಕೆ ತಾವೇ ಕೆಳಗಿಳಿಯಬೇಕು. ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ಒಂದಕ್ಕೊಂದು ಆತು ನಿಂತುಬಿಡುತ್ತವೆ, ಆಗ ಗನ್ನನ್ನು ಎರಡೂ ಕೈಯಿಂದ ಒಮ್ಮೆ ಕುಲುಕಬೇಕು. ಎಲ್ಲರೂ ಗೊತ್ತಿಲ್ಲದೆಯೇ ಕುಲುಕುತ್ತಿರುತ್ತಾರೆ. ಅಣ್ಣನಿಗೆ ಅದಾಗಲಿಲ್ಲ. ಬಲಗೈ ಒಂದರಲ್ಲೇ ಕುಲುಕಲು ಹೋದರೆ ಗನ್ನಿನ ಮೂತಿ ನೆಲ ನೋಡುತ್ತಿತ್ತು. ಟ್ರಿಗರ್ ಒತ್ತಿದರೆ ಬರೀ ಗಾಳಿ, ಫುಸ್ ಎಂದು. ಅವನ ಗೆಳೆಯನೊಬ್ಬ, ಕ್ರೇನ್ ನಡೆಸುವವನು, ಮೆಟ್ರಿ ಊರಿನವನಾದ್ದರಿಂದ ಎಲ್ಲರ ಬಾಯಲ್ಲೂ ಮೆಟ್ರಿಯೇ ಆಗಿರುವವನು, ಪಕ್ಕದ ಬಂಡೆಯ ಹಿಂದಿನಿಂದ ಕೇಳಿದ:

"ಏನಲೇ, ಬರೇ ಗಾಳಿ ಹೊಡಿಯಾಕತ್ತೀ? ಸೈಕಲ್ ಶಾಪ್ ಇಟ್ಟಿಯೇನು?"

ಅಣ್ಣ ಬಿದ್ದು ಬಿದ್ದು ನಕ್ಕ. ಮುಂದಿನ ಸಲ ಬಂದಾಗ ಕುರ್ಚಿ ಹಾಕಿಕೊಂಡು ಫೋನುಗಳ ಮುಂದೆ ಕೂತ.

ಅವನಿಗಾಗಿ ಬೇರೆ ಡಬ್ಬಿ ತರಬೇಕು ಎಂದು ನನಗೆ ಹೊಳೆದದ್ದು ಆಗ. ಇದನ್ನು ದೊಡ್ಡ ಪ್ರೀತಿಯಂತೆ ಬರೆಯಬಾರದು. ಅವನು ಆಡಲಿ ಎಂಬುದು ನಿಜವಾಗಿ ಅವನ ಆಸೆಯೋ, ಅವನನ್ನು ಆ ಕುರ್ಚಿಯಲ್ಲಿ ನೋಡಲಾರದ ನನ್ನ ಅವಸರವೋ ಎಂದು ಹಲವು ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದಿರಬೇಕು. ಒಂದು ಸಣ್ಣ ಸಾಕ್ಷಿ ಮಾತ್ರ ನನ್ನ ಕಡೆಗಿದೆ: ಕೂತಲ್ಲಿಂದಲೇ ಅವನು "ಎಡಕ್ಕ, ಎಡಕ್ಕ ನೋಡಲೇ, ಟೈರಿನ ಹಿಂದ ಅದಾನ" ಎಂದು ಕೂಗುತ್ತಿದ್ದ. ಆಟ ಬೇಡವಾದವನು ಹಾಗೆ ಕೂಗುವುದಿಲ್ಲ.

ಡಬ್ಬಿ ಆರಿಸುವುದು ಅಷ್ಟು ಸುಲಭವಲ್ಲ ಎಂದು ಗೊತ್ತಾದದ್ದು ಬೆಂಗಳೂರಿನ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿದಾಗ. ನಾನು ನೇರವಾಗಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳಿದೆ. ಒಳ್ಳೆಯದು ಎಂದರೆ ಮೋಟರು ಕಾಳನ್ನು ಹಿಡಿದು ಒಂದೊಂದಾಗಿ ಗನ್ನಿನೊಳಗೆ ತಳ್ಳುವಂಥದ್ದು, ಕಾಳು ಕೆಳಗಿಳಿಯಲಿ ಎಂದು ಕಾಯುವ ಮಾತೇ ಇಲ್ಲ ಎಂದರು. ಅದನ್ನೇ ಕಳಿಸಿ ಎಂದೆ. ಅವರು "ಮೇಡಂ, ನಿಮ್ಮ ಗನ್ ಯಾವುದು?" ಎಂದು ಕೇಳಿದರು. ಹೇಳಿದೆ. "ನಿಮ್ಮ ಕಡೆ ಬಿಸಿಲು ಹೇಗಿರುತ್ತೆ?" ಅದನ್ನೂ ಹೇಳಿದೆ. ಅವರು ನಕ್ಕರು.

"ಹಾಗಾದ್ರೆ ಅದು ಬೇಡ ಮೇಡಂ. ನಿಮ್ಮ ಗನ್ನು ಬೆರಳು ಎಷ್ಟು ಬೇಗ ಒತ್ತುತ್ತೋ ಅಷ್ಟೇ ಬೇಗ ಹೊಡೆಯೋದು. ಅದಕ್ಕೆ ಆ ವೇಗದ ಡಬ್ಬಿ ಹಾಕಿದ್ರೆ ಬಿಸಿಲಿಗೆ ಮೆತ್ತಗಾಗಿರೋ ಬಾಲನ್ನ ಒಳಗೇ ಒಡೆದು ಹಾಕುತ್ತೆ. ಮಧ್ಯದ್ದು ತಗೊಳ್ಳಿ. ಒಳಗೆ ಒಂದು ರೆಕ್ಕೆ ಇರುತ್ತೆ, ಬ್ಯಾಟರಿಗೆ ತಿರುಗುತ್ತೆ. ಕಲಕುತ್ತೆ, ಅಷ್ಟೇ."

ತಮ್ಮಲ್ಲಿರುವ ದುಬಾರಿ ಮಾಲನ್ನು ಬೇಡವೆಂದು ಹೇಳಿದ ಆ ಕಾಣದ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ. ಡಬ್ಬಿಯ ಕುತ್ತಿಗೆ ಗನ್ನಿನ ಬಾಯಿಗೆ ಅಲುಗಾಡದಂತೆ ಕೂರಬೇಕು, ಟೇಪ್ ಸುತ್ತಿ ಸರಿಮಾಡಬೇಡಿ ಎಂದರು. ಒಳಗೆಷ್ಟು ಉಳಿದಿದೆ ಎಂದು ಕಾಣುವಂತೆ ಮೈ ತಿಳಿಯಾಗಿರಲಿ, ಮುಚ್ಚಳ ಹೆಬ್ಬೆರಳಿಗೆ ತೆರೆಯುವಂತಿರಲಿ ಎಂದರು. ಯಾರಿಗೆ ಎಂದು ನಾನು ಹೇಳಿರಲಿಲ್ಲ. ಹೆಬ್ಬೆರಳಿನ ಮಾತು ಅವರಿಗೆ ಹೇಗೆ ಹೊಳೆಯಿತೋ. ಅಥವಾ ನಾನೇ ಹೇಳಿ ಮರೆತಿದ್ದೇನೋ.

ಕೊಳ್ಳುವ ಮುಂಚೆ ಅಣ್ಣನನ್ನು ಒಪ್ಪಿಸಬೇಕಿತ್ತು. ಕುರೆಕುಪ್ಪಕ್ಕೆ ಹೋದೆ. ಅತ್ತಿಗೆ ಚಹಾ ಮಾಡುತ್ತಿದ್ದರು. ನಾನು ಬ್ಯಾಟರಿ ಡಬ್ಬಿಯ ವಿಷಯ ಹೇಳಿದಾಗ ಅಣ್ಣ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಎಲ್ಲಾರ್ಗೂ ತರ್ತೀಯೇನು, ನನಗೊಬ್ಬಗ?"

"ಸದ್ಯಕ್ಕ ನಿನಗ."

"ಹಂಗಾದ್ರ ಬ್ಯಾಡವ್ವ. ಬಸ್ಸಿನ್ಯಾಗ ಎದ್ದು ಸೀಟು ಬಿಟ್ಟುಕೊಡ್ತಾರಲ್ಲ, ಹಂಗ ಆಕೈತಿ. ಅದಕ್ಕಿಂತ ಫೋನ್ ಕಾಯೋದ ಚೊಲೊ. ಅದ್ರಾಗ ಮರ್ಯಾದಿ ಐತಿ."

ಅತ್ತಿಗೆ ಲೋಟ ಕೊಡುತ್ತ ನನಗಷ್ಟೇ ಕೇಳುವಂತೆ, "ರಜಾ ದಿನ ಬಂತಂದ್ರ ಬರೇ ಮಲಗ್ತಾರ, ತಂಗೀ. ಮೊದ್ಲ ಹಿಂಗಿರ್ಲಿಲ್ಲ" ಎಂದರು. ನಾನು ಚಹಾ ಕುಡಿದು ಬಂದೆ.

ಅದನ್ನು ಬಗೆಹರಿಸಿದ್ದು ಮೆಟ್ರಿಯವನು, ಅದೂ ತಿಳಿಯದೆ. ಕಂಪ್ಲಿಗೆ ಹೋಗುವ ದಾರಿಯಲ್ಲಿ ಒಂದು ದಿನ ನಮ್ಮ ಮೈದಾನದ ಮುಂದೆ ಬೈಕು ನಿಲ್ಲಿಸಿ ನೀರು ಕೇಳಿದ. ನನ್ನ ಗಂಡ ಅವನಿಗೆ ಮೊಬೈಲಿನಲ್ಲಿ ಆ ಡಬ್ಬಿಯ ಚಿತ್ರ ತೋರಿಸಿದರು. "ಹಿಂಗ ಕುಲುಕೋದ ಬ್ಯಾಡೇನ್ರಿ ಇದ್ರಾಗ?" ಎಂದು ಕೇಳಿ, ನನ್ನ ಕಡೆ ತಿರುಗಿ, "ಅಕ್ಕಾರ, ನನಗೊಂದು ತರಿಸ್ರಿ. ನಿಮ್ಮ ಅಣ್ಣನ ಕೈಗೆ ಶಕ್ತಿ ಇಲ್ಲ. ನನ್ನ ಕೈಗೆ ಶಕ್ತಿ ಐತಿ, ಆದ್ರ ಭಾಳ ಸೋಮಾರಿ" ಎಂದ. ಎರಡು ತರಿಸಿದೆವು. ಬೇರೆಯವರಿಗಾಗಿಯೂ ತರಿಸಿದ್ದು ಎಂದ ಮೇಲೆ ಅಣ್ಣನಿಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. "ನೋಡೋಣು" ಎಂದು ಮೆಸೇಜು ಹಾಕಿದ.

ಡಬ್ಬಿಗಳು ಬಂದ ದಿನ ನಾನು ಮನೆಯ ಪಡಸಾಲೆಯಲ್ಲೇ ಪರೀಕ್ಷೆಗೆ ನಿಂತೆ. ಗಾಳಿಯ ಸಿಲಿಂಡರ್ ಇಲ್ಲದ ಬರೀ ಗನ್ನಿಗೆ ಡಬ್ಬಿ ಸಿಕ್ಕಿಸಿ, ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಲಗೈ ಒಂದರಲ್ಲೇ ಎತ್ತಿ ನೋಡಿದೆ. ಬ್ಯಾಟರಿಯ ಭಾರ ನೆತ್ತಿಯ ಮೇಲೆ ಕೂರುತ್ತದೆ, ಗನ್ನು ಒಂದು ಕಡೆ ವಾಲುತ್ತದೆ. ಎಡಗೈಯ ಬೆರಳುಗಳನ್ನು ಬಿಡಿಸಿ ಕೆಳಗೆ ಸುಮ್ಮನೆ ಆಸರೆ ಕೊಟ್ಟರೆ ಸಾಕು, ನೆಟ್ಟಗೆ ನಿಲ್ಲುತ್ತದೆ. ಅಷ್ಟು ಅಣ್ಣನಿಂದ ಆಗುತ್ತದೆ. ಕಾಳು ಹಾಕಿ ಗುಂಡಿ ಒತ್ತಿದಾಗ ಒಳಗಿನ ರೆಕ್ಕೆ ಗುರ್ ಎಂದು ತಿರುಗಿತು. ಅತ್ತೆ ದೇವರ ಮನೆಯಿಂದ ಹೊರಗೆ ಬಂದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನವ್ವಾ ಇದು, ಗನ್ ಹಿಡ್ಕೊಂಡು ನಿಂತೀ. ನಾನೇನು ಅಂದೆ ನಿನಗ?"

"ಅತ್ತೀ, ಅಣ್ಣಗ ಡಬ್ಬಿ ಬಂದೈತಿ."

ಅವರು ಹತ್ತಿರ ಬಂದು ತಿಳಿ ಮೈಯೊಳಗೆ ತಿರುಗುವ ರೆಕ್ಕೆಯನ್ನು ಬಹಳ ಹೊತ್ತು ನೋಡಿದರು. "ಮಿಲ್ಲಿನ್ಯಾಗ ಇರೋದ ಇದು," ಎಂದರು. "ಸಣ್ಣದು ಮಾಡ್ಯಾರ." ಅವರ ಮುಖದಲ್ಲಿದ್ದದ್ದು ಪರಿಚಯದವರನ್ನು ಬೇರೆ ಊರಿನಲ್ಲಿ ಕಂಡಾಗ ಬರುವ ಸಂತೋಷ.

ಅತ್ತೆಯ ಬಗ್ಗೆ ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ. ಅವರು ಯಾರಿಗೂ ಯಾವುದನ್ನೂ ಮಟ್ಟಸವಾಗಿ ಅಳೆದುಕೊಡುವುದಿಲ್ಲ. ಸೇರಿನಲ್ಲಿ ಅಕ್ಕಿ ಅಳೆದರೆ ಮೇಲೆ ಗೋಪುರ ಏಳಬೇಕು, ಅಂಚಿನಿಂದ ನಾಲ್ಕು ಕಾಳು ಉದುರಬೇಕು. ಅದರ ಮೇಲೆ ಮತ್ತೆ ಒಂದು ಹಿಡಿ ಕೊಸರು. ಅಂಚಿಗೆ ಸರಿಯಾಗಿ ಕೈ ಎಳೆದು ಕೊಡುವ ಅಳತೆಗೆ ಅವರು ಬೋಳು ಅಳತೆ ಎನ್ನುತ್ತಾರೆ. ಅದು ಮನೆಗೆ ಬಂದವರಿಗೆ ಮಾಡುವ ಅವಮಾನ. ಬೀಗರಿಗಂತೂ ಕೇಳುವುದೇ ಬೇಡ. ನನ್ನ ತವರಿನವರು ಬಂದರೆ ಲೋಟದಲ್ಲಿ ಚಹಾ ತುಳುಕಿ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ದೊಡ್ಡ ಗುಂಪು ಬರುವ ದಿನಗಳಲ್ಲಿ ಅವರು ಮೈದಾನಕ್ಕೆ ಬಂದು, ಶೆಡ್ಡಿನ ನೆರಳಲ್ಲಿ ಚಾಪೆ ಹಾಸಿ, ಒಗ್ಗರಣೆ ಮಂಡಕ್ಕಿಯ ಬುಟ್ಟಿ ಒಂದು ಕಡೆ, ಕಾಳಿನ ಪೆಟ್ಟಿಗೆ ಇನ್ನೊಂದು ಕಡೆ ಇಟ್ಟುಕೊಂಡು ಡಬ್ಬಿ ತುಂಬುತ್ತಾರೆ. ಯಾರೂ ಹೇಳಿದ ಕೆಲಸವಲ್ಲ, ಅವರೇ ಹಿಡಿದದ್ದು. ಸಾದಾ ಡಬ್ಬಿಗಳನ್ನೂ ಅವರು ಕಂಠಮಟ್ಟ ತುಂಬುತ್ತಿದ್ದರು. ಆಗಾಗ ಸಿಕ್ಕಿಕೊಳ್ಳುತ್ತಿದ್ದವು, ಆಡುವವರು ಕುಲುಕಿ ಸರಿಮಾಡಿಕೊಳ್ಳುತ್ತಿದ್ದರು. ನಾವು ಬಿಸಿಲನ್ನು ಬೈಯುತ್ತಿದ್ದೆವು.

ಅಣ್ಣನ ಪಾಳಿಯವರು ಬಂದ ದಿನ ಬಿಸಿಲು ಹೊತ್ತೇರುವ ಮುಂಚೆಯೇ ಸುಡುತ್ತಿತ್ತು. ಸಂಡೂರಿನ ಕಡೆಯಿಂದ ಬೀಸುವ ಗಾಳಿಯಲ್ಲಿ ಕೆಂಪು ಧೂಳು. ಎಲ್ಲರೂ ಟವೆಲ್ಲಿನ ಮೇಲೆ ಫೋನು ಇಟ್ಟರು. ಅಣ್ಣ ಹೋದ ಸಲದಂತೆಯೇ ಕುರ್ಚಿ ಎಳೆದುಕೊಂಡ. ಮೆಟ್ರಿಯವನು ಆ ಕುರ್ಚಿಯನ್ನು ಅವನ ಹಿಂದಿನಿಂದ ಎತ್ತಿಕೊಂಡು ಹೋಗಿ ಶೆಡ್ಡಿನ ಆಚೆ ಇಟ್ಟ.

"ಕುಂದ್ರಾಕ ಬಂದೀಯೇನು? ಡಬ್ಬಿ ಬಂದಾವ ನೋಡಲ್ಲಿ, ನಿನಗೊಂದು, ನನಗೊಂದು."

ಅತ್ತೆ ಎರಡನ್ನೂ ತುಂಬಿ ಇಟ್ಟಿದ್ದರು. ಅಣ್ಣ ಬಲಗೈಯಲ್ಲಿ ಒಂದನ್ನು ಎತ್ತಿ ಗನ್ನಿಗೆ ಸಿಕ್ಕಿಸಿಕೊಂಡ, ಗುಂಡಿ ಒತ್ತಿದ. ಗುರ್ ಎಂದಿತು.

"ಇದೇನವ್ವಾ," ಎಂದು ನನ್ನನ್ನು ಕೇಳಿದ, "ಅಡಗಿ ಕುಂತ್ರ ಇದ ಹೇಳಿಕೊಡ್ತೈತಲ್ಲ, ಇಲ್ಲೇ ಅದಾನ ಬರ್ರಿ ಅಂತ."

ಆದರೂ ಮಾಸ್ಕ್ ಹಾಕಿಕೊಂಡ. ಮೊದಲ ಆಟಕ್ಕೆ ಇಳಿದ. ನಾನು ಮೈದಾನದ ಸುತ್ತ ಕಟ್ಟಿದ ಬಲೆಯ ಈಚೆ ನಿಂತು ನೋಡುತ್ತಿದ್ದೆ. ಅವನು ಹೊಟ್ಟಿನ ಚೀಲಗಳ ಹಿಂದೆ ಮೊಣಕಾಲೂರಿ ಕೂತ, ಎಡಗೈಯನ್ನು ಆಸರೆ ಕೊಟ್ಟ, ಹಾರಿಸಿದ. ಎದುರಿನ ಟೈರಿನ ಮೇಲೆ ಹಳದಿ ಬಣ್ಣ ಒಡೆಯಿತು. ಮತ್ತೆ ಹಾರಿಸಿದ. ಆಮೇಲೆ ಫುಸ್. ಮತ್ತೆ ಫುಸ್. ಡಬ್ಬಿಯ ಗುರುಗುಟ್ಟುವಿಕೆ ಗಂಟಲು ಕಟ್ಟಿದಂತೆ ಮೆಲ್ಲಗಾಗಿ ನಿಂತಿತು. ಡಬ್ಬಿ ತುಂಬಿಯೇ ಇತ್ತು, ನಾನು ನಿಂತಲ್ಲಿಂದಲೂ ಕಾಣುತ್ತಿತ್ತು. ಎದುರಿನವರು ಹಾರಿಸಿದ ಒಂದು ಗುಂಡು ಅವನ ಪಕ್ಕದ ಚೀಲಕ್ಕೆ ಬಡಿಯಿತು. ಅವನು ಗನ್ನನ್ನು ಒಮ್ಮೆ ಕುಲುಕಲು ನೋಡಿದ, ಮೂತಿ ನೆಲಕ್ಕೆ ಹೋಯಿತು. ಈ ಸಲ ಸೈಕಲ್ ಶಾಪಿನ ಮಾತು ಯಾರೂ ಎತ್ತಲಿಲ್ಲ. ಅವನು ಬಲಗೈ ಮೇಲೆತ್ತಿ ಆಟದಿಂದ ಎದ್ದು ಬಂದ.

ಶೆಡ್ಡಿನಲ್ಲಿ ಮಾಸ್ಕ್ ತೆಗೆದು ಸುತ್ತ ನೋಡಿದ. ಕುರ್ಚಿ ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ನಾನು ಇಷ್ಟೆಲ್ಲ ಓದಿ, ಕೇಳಿ, ಸೆರಗಿನಲ್ಲಿ ಕೈ ಕಟ್ಟಿಕೊಂಡು ಪರೀಕ್ಷೆ ಮಾಡಿ ತಂದ ಡಬ್ಬಿ ಅವನನ್ನು ಮತ್ತೆ ಅದೇ ಕುರ್ಚಿಗೆ ಕಳಿಸುತ್ತಿತ್ತು, ಈ ಸಲ ಎಲ್ಲರ ಕಣ್ಣೆದುರಿಗೆ.

ಅತ್ತೆ ಅವನ ಕೈಯಿಂದ ಗನ್ನು ಇಸಿದುಕೊಳ್ಳಲಿಲ್ಲ. "ಆ ಡಬ್ಬಿ ಅಷ್ಟು ಬಿಚ್ಚಿ ಕೊಡಪಾ" ಎಂದರು. ಮುಚ್ಚಳ ತೆಗೆದಾಗ ಕಾಳು ಅದಕ್ಕೇ ಕಾದಂತೆ ಮೇಲಕ್ಕೆ ಉಬ್ಬಿ ಬಂದವು. ಮೇಲಿನ ಸಾಲಿನಲ್ಲಿ ಎರಡು ಮೂರು ಮುಚ್ಚಳದ ಒತ್ತಿಗೆ ಒಡೆದು, ಬಣ್ಣ ಅಂಟಾಗಿ ಒಳಗೆಲ್ಲ ಇಳಿದಿತ್ತು. ಅತ್ತೆ ಕಾಳನ್ನು ಚಾಪೆಯ ಮೇಲಿನ ಬಟ್ಟೆಗೆ ಸುರಿಯಲು ಡಬ್ಬಿ ಬೋರಲು ಹಾಕಿದರು. ಒಂದೂ ಬೀಳಲಿಲ್ಲ. ಪಕ್ಕಕ್ಕೆ ಅಂಗೈಯಿಂದ ತಟ್ಟಿದರು, ಆಗ ಎಲ್ಲ ಒಟ್ಟಿಗೆ ಸುರಿದವು. ಅವರು ಆ ಖಾಲಿ ಡಬ್ಬಿಯನ್ನು ಕಣ್ಣಿಗೆ ಹಿಡಿದು ತಳ ನೋಡಿದರು.

"ಮ್ಯಾಲ ತುಂಬಿತ್ತು, ಕೆಳಗ ಉಪವಾಸ," ಎಂದರು.

ಮಿಲ್ಲಿನಲ್ಲಿ ಭತ್ತ ಸುರಿಯುವ ದೊಡ್ಡ ಬಾಯಿಯಲ್ಲಿ ಇದು ಆಗುತ್ತಿರುತ್ತದಂತೆ. ಹಸಿ ಭತ್ತವನ್ನು ಒತ್ತಿ ತುಂಬಿದರೆ ಕಾಳಿಗೆ ಕಾಳು ಆತು ಕಮಾನು ಕಟ್ಟಿಬಿಡುತ್ತದೆ. ಮೇಲೆ ರಾಶಿ, ಕೆಳಗೆ ಯಂತ್ರ ಖಾಲಿ ತಿರುಗುತ್ತಿರುತ್ತದೆ. ಪಕ್ಕಕ್ಕೆ ಮರದ ಕೊಡತಿಯಿಂದ ಬಡಿದರೆ ಕಮಾನು ಕುಸಿಯುತ್ತದೆ.

"ಗೊತ್ತಿದ್ದೂ ಗೊತ್ತಿದ್ದೂ ಹಿಂಗ ಮಾಡೀನಿ ನೋಡು," ಎಂದು ಅವರು ಅಣ್ಣನ ಕಡೆ ತಿರುಗಿದರು. "ತಪ್ಪು ತಿಳ್ಕೋಬ್ಯಾಡಪಾ. ಬೀಗರಿಗೆ ಬೋಳು ಅಳತಿ ಹೆಂಗ ಕೊಡ್ಲಿ ಅಂತ, ಮುಚ್ಚಳಾ ಒತ್ತಿ ಒತ್ತಿ ಹಾಕೀನಿ."

ಅಣ್ಣ ಮೊದಲು ಅರ್ಥವಾಗದೆ ನೋಡಿದ. ಆಮೇಲೆ ನಗು ಬಂತು ಅವನಿಗೆ, ತಡೆಯಲಾಗದಂಥ ನಗು, ಅವನ ಆ ಭುಜವೂ ಅದಕ್ಕೆ ಅಲುಗಿತು. "ಅಮ್ಮಾರ," ಎಂದ, "ನೀವು ಮರ್ಯಾದಿ ಮಾಡಿ ಮಾಡಿ ನನ್ನ ಕೊಂದ್ರಿ."

ಡಬ್ಬಿಯನ್ನು ಬ್ಯಾಟರಿ ತೆಗೆದು ತೊಳೆದೆವು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ರೆಕ್ಕೆಯ ಸಂದಿಯಲ್ಲಿ ಕೂತಿದ್ದ ಕೆಂಪು ಧೂಳನ್ನು ಅತ್ತೆ ಸೆರಗಿನ ತುದಿಯಿಂದ ತೆಗೆದರು. ಕಾಳನ್ನು ಪೆಟ್ಟಿಗೆಯಿಂದ ಹೊಸದಾಗಿ, ನೆರಳಿನಲ್ಲಿದ್ದವನ್ನೇ ಆರಿಸಿ ಹಾಕಿದರು. ಮುಕ್ಕಾಲು ತುಂಬಿದಾಗ ಕೈ ನಿಲ್ಲಿಸಿದರು. ಅವರ ಕೈ ಅಲ್ಲಿ ನಿಲ್ಲಲು ಎಷ್ಟು ಕಷ್ಟಪಟ್ಟಿತು ಎಂಬುದನ್ನು ನಾನು ನೋಡಿದ್ದೇನೆ. ಇದು ನೆನಪು ಸೇರಿಸಿದ್ದಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಹಿಡಿಯಲ್ಲಿದ್ದ ಕಾಳು ಡಬ್ಬಿಯ ಬಾಯಿಯ ಹತ್ತಿರ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.

"ಉಳಿದದ್ದು ಕೊಸರು" ಎಂದು ಆಗ ಯಾರೋ ಅಂದರು. ಅತ್ತೆಯೇ ಅಂದರು ಎಂದು ನನ್ನ ನೆನಪು. ನನ್ನ ಗಂಡ ಅದು ತಮ್ಮ ಮಾತು ಎನ್ನುತ್ತಾರೆ. ಅಣ್ಣನ ಪ್ರಕಾರ ಹೇಳಿದ್ದು ಮೆಟ್ರಿಯವನು. ಯಾರು ಅಂದರೇನು, ಅತ್ತೆ ಮಂಡಕ್ಕಿ ತಂದಿದ್ದ ಬಟ್ಟೆಯ ಸಣ್ಣ ಚೀಲವೊಂದನ್ನು ಕೊಡವಿ, ಹಿಡಿ ಹಿಡಿ ಕಾಳು ಹಾಕಿ ಅಣ್ಣನ ಸೊಂಟದ ಬೆಲ್ಟಿಗೆ ಕಟ್ಟಿದರು. ಬೀಗರ ಅಳತೆ ಪೂರ್ತಿಯಾಯಿತು. ಡಬ್ಬಿಯಲ್ಲಿ ಮುಕ್ಕಾಲು, ಸೊಂಟದಲ್ಲಿ ಕೊಸರು.

ನನಗೆ ಮಾತ್ರ ಹೊಸ ಚಿಂತೆ ಶುರುವಾಯಿತು. ಡಬ್ಬಿ ಬೇಗ ಖಾಲಿಯಾಗುತ್ತದೆ. ಆಟದ ನಡುವೆ ತುಂಬಬೇಕಾದರೆ ಒಂದು ಕೈ ಗನ್ನು ಹಿಡಿಯಬೇಕು, ಇನ್ನೊಂದು ಮೇಲೆ ಹೋಗಿ ಸುರಿಯಬೇಕು. ಅಣ್ಣನ ಎಡಗೈ ಆ ಭಾರ ಹಿಡಿಯುವುದಿಲ್ಲ. ಅವನು ಯಾರನ್ನೂ ಏನನ್ನೂ ಕೇಳಬೇಕಾಗಬಾರದು ಎಂದೇ ನಾನು ಈ ಡಬ್ಬಿ ಹುಡುಕಿದ್ದು. ಹೇಳಲು ಹೋದೆ. ಅಷ್ಟರಲ್ಲಿ ಅವನು ಮಾಸ್ಕ್ ಹಾಕಿಕೊಂಡು ಇಳಿದಾಗಿತ್ತು.

ಎರಡನೆಯ ಆಟ ಚೆನ್ನಾಗಿ ನಡೆಯಿತು. ಡಬ್ಬಿ ಗುರುಗುಡುತ್ತಿತ್ತು, ಅವನು ಹಾರಿಸುತ್ತಿದ್ದ. ಎದುರಿನ ಇಬ್ಬರು ಔಟಾಗಿ ಬಂದು, "ಆ ಬ್ಯಾಟರಿ ಸಪ್ಪಳ ಕೇಳಿ ಹೋದ್ವಿ, ಅಲ್ಲಿರ್ಲೇ ಇಲ್ಲ ಮಗ" ಎಂದು ಬೆವರು ಒರೆಸಿಕೊಂಡರು. ಡಬ್ಬಿಯನ್ನು ಒಂದು ಕಡೆ ಗುರುಗುಟ್ಟಿಸಿ, ನಿಲ್ಲಿಸಿ, ಇನ್ನೊಂದು ಕಡೆ ಸರಿಯುತ್ತಿದ್ದನಂತೆ. ಆಮೇಲೆ ನಾನು ಹೆದರಿದ್ದ ಗಳಿಗೆ ಬಂತು. ತಿಳಿ ಮೈಯೊಳಗೆ ರೆಕ್ಕೆ ಬರಿದಾಗಿ ತಿರುಗುವುದು ಕಾಣುತ್ತಿತ್ತು. ಅಣ್ಣ ಹೊಟ್ಟಿನ ಚೀಲಕ್ಕೆ ಬೆನ್ನು ಕೊಟ್ಟು ಕೂತು ಕೂಗಿದ:

"ಲೇ ಮೆಟ್ರಿ, ಕಾಳು ಹಾಕು ಬಾರ್ಲೇ."

"ಬಂದೆ ತಡಿ ಸಾಹುಕಾರ," ಎಂದು ಉತ್ತರ ಬಂತು. ಅವನು ಟೈರುಗಳ ಸಾಲಿನ ಹಿಂದೆ ಹೊಟ್ಟೆಯ ಮೇಲೆ ತೆವಳುತ್ತ ಬಂದ. ಅಣ್ಣ ಗನ್ನನ್ನು ತೊಡೆಯ ನಡುವೆ ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಮುಚ್ಚಳ ತೆರೆದ. ಮೆಟ್ರಿಯವನು ಸೊಂಟದ ಚೀಲ ಬಿಚ್ಚಿ ಸುರಿದ. "ಎಷ್ಟು ಹಾಕ್ಲಿ?" "ಮುಕ್ಕಾಲು ಹಾಕಲೇ, ಅಮ್ಮಾರು ನೋಡಾಕತ್ತಾರ." ಇಬ್ಬರೂ ನಗುತ್ತಿದ್ದರು. ಮಾಸ್ಕಿನೊಳಗಿಂದ ಬರುವ ನಗು ಹಂಡೆಯೊಳಗಿಂದ ಬಂದಂತಿರುತ್ತದೆ. ಹಾಗೆ ತೆವಳಿ ವಾಪಸು ಹೋಗುವಾಗ ಮೆಟ್ರಿಯವನ ಬೆನ್ನಿಗೆ ಗುಂಡು ಬಿತ್ತು. ಅವನು ಔಟಾಗಿ ಬರುತ್ತ, ತನ್ನನ್ನು ಕರೆದ ಅಣ್ಣನಿಗೆ ಬಾಯಿಗೆ ಬಂದಂತೆ ಬೈದ. ಹಿಂದೆ, ಭುಜ ಮುರಿಯುವ ಮೊದಲು, ಇಬ್ಬರೂ ಹೀಗೆಯೇ ಬೈದಾಡುತ್ತಿದ್ದರು. ಅಪಘಾತವಾದ ಮೇಲೆ ಅವನು ಅಣ್ಣನಿಗೆ ಹೀಗೆ ಬೈದದ್ದನ್ನು ನಾನು ಕೇಳಿರಲಿಲ್ಲ.

ಕೇಳಬೇಕಾಗಬಾರದು ಎಂದು ನಾನು ಅಂದುಕೊಂಡಿದ್ದೆ. ಅವನಿಗೆ ಬೇಕಾಗಿದ್ದದ್ದು ಹಾಗೆ ಕೂಗಿ ಕರೆಯಲು ಬರುವಂಥ ಜಾಗ ಎಂದು ಈಗ ಅನ್ನಿಸುತ್ತದೆ. ಇದು ನನ್ನ ಊಹೆ. ಅವನನ್ನು ಕೇಳಿದರೆ, "ನನಗ ಕಾಳು ಬೇಕಾಗಿತ್ತವ್ವ, ಅಷ್ಟ" ಎನ್ನುತ್ತಾನೆ.

ಆಟ ಇನ್ನೂ ನಡೆದಿರುವಾಗ ಟವೆಲ್ಲಿನ ಮೇಲೆ ಒಂದು ಫೋನು ಹೊಡೆದುಕೊಂಡಿತು. ಅಣ್ಣನದೇ, ಅವನೂ ಎಲ್ಲರ ಜೊತೆ ಅಲ್ಲೇ ಇಟ್ಟು ಹೋಗಿದ್ದ. ಹತ್ತಿರ ಇದ್ದ ಅತ್ತೆ ಎತ್ತಿದರು. ಕುರೆಕುಪ್ಪದಿಂದ ಅತ್ತಿಗೆ. ಅತ್ತೆಗೆ ಸ್ವಲ್ಪ ಕಿವಿ ಮಂದ, ಯಾರ ಫೋನಾದರೂ ಎತ್ತಿದ ಕೂಡಲೇ ಸದ್ದು ಜೋರು ಮಾಡಿಕೊಳ್ಳುತ್ತಾರೆ. ಹಾಗಾಗಿ ನನಗೂ ಕೇಳಿಸಿತು.

"ಅಲ್ಲೇ ಕುಂತಾರೇನ್ರಿ? ಸ್ವಲ್ಪ ಕೊಡ್ರಿ ಅವ್ರಿಗೆ."

"ಇಲ್ಲವ್ವ, ಅವ ಇಲ್ಲಿಲ್ಲ," ಎಂದರು ಅತ್ತೆ. "ಆಡಾಕ ಹೋಗ್ಯಾನ. ಕರೀಲೇನು?"

ಫೋನು ಕಟ್ಟಾಯಿತೇನೋ ಎಂದು ಅತ್ತೆ ಅದನ್ನು ಕಿವಿಯಿಂದ ತೆಗೆದು ನೋಡಿದರು.

"ಬ್ಯಾಡ್ರಿ," ಎಂದರು ಅತ್ತಿಗೆ. "ಕರೀಬ್ಯಾಡ್ರಿ. ಏನ ಇರ್ಲಿಲ್ಲ, ಸುಮ್ನ ಮಾಡಿದ್ದೆ."

ಅವನ ಭುಜ ಈಗಲೂ ಹಾಗೆಯೇ ಇದೆ. ಅದನ್ನು ಯಾವ ಡಬ್ಬಿಯೂ ಸರಿಮಾಡಲಿಲ್ಲ. ಆದರೆ ಪಾಳಿಯವರು ಬರುವ ದಿನ ಅವನೇ ಎಲ್ಲರಿಗಿಂತ ಮುಂಚೆ ಫೋನ್ ಮಾಡಿ ಬ್ಯಾಟರಿ ಹಾಕಿಟ್ಟಿದ್ದೀಯಾ ಎಂದು ಕೇಳುತ್ತಾನೆ. ನಮ್ಮ ಮೈದಾನದಲ್ಲಿ ಈಗ ಯಾರಿಗೇ ಆಗಲಿ ಡಬ್ಬಿ ಮುಕ್ಕಾಲು, ಜೊತೆಗೆ ಕೊಸರಿನ ಚೀಲ. ಹೊಸಬರು ಡಬ್ಬಿ ನೋಡಿ ಕಡಿಮೆ ಕೊಟ್ಟಿದ್ದಾರೆ ಎಂದು ಮುಖ ಸಣ್ಣ ಮಾಡುತ್ತಾರೆ, ಚೀಲ ಕೈಗೆ ಬಂದಾಗ ಅರಳುತ್ತಾರೆ. ಅತ್ತೆ ಅದನ್ನು ನೋಡಲೆಂದೇ ಚೀಲವನ್ನು ಕೊನೆಗೆ ಕೊಡುತ್ತಾರೆ.

ಆ ದಿನದ ಡೈರಿ ತೆಗೆದು ನೋಡಿದೆ. ಅದರಲ್ಲಿ ಬಿಸಿಲು, ಧೂಳು, ಯಾರು ಬಂದರು ಎಂಬುದಷ್ಟೇ ಇದೆ, ಕೊನೆಗೆ "ಅಣ್ಣ ಆಡಿದ" ಎಂದು. ಟವೆಲ್ಲಿನ ಬಣ್ಣ ಅಲ್ಲಿಯೂ ಇಲ್ಲ. ಆ ಬೆಂಗಳೂರಿನ ವ್ಯಾಪಾರಿಗೆ, ಮೆಟ್ರಿಯವನಿಗೆ, ಮುಕ್ಕಾಲಿಗೆ ಕೈ ತಡೆದ ಅತ್ತೆಗೆ ನಾನು ಬಾಯಿಬಿಟ್ಟು ಏನೂ ಹೇಳಿದವಳಲ್ಲ. ನಮ್ಮಲ್ಲಿ ಹಾಗೆ ಹೇಳುವ ರೂಢಿಯೂ ಇಲ್ಲ. ಮೊನ್ನೆ ಅತ್ತೆ ಡಬ್ಬಿ ತುಂಬುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಕೊಸರಿನ ಚೀಲಗಳಿಗೆ ದಾರ ಪೋಣಿಸಿ ಕೊಟ್ಟೆ. ಅವರು ನನ್ನ ಮುಖ ನೋಡಿ, "ಏನವ್ವಾ, ಇವತ್ತು ಡೈರಿ ಬರೆಯೋದಿಲ್ಲೇನು?" ಎಂದು ಕೇಳಿ, ಮಂಡಕ್ಕಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು.